ಲಾಲ್‌ಬಾಗ್‌ಗೂ ನಮ್ಮೂರ ಪಾರ್ಕಿಗೂ ಏನು ವ್ಯತ್ಯಾಸ? ಎರಡೂ ವಾಕಿಂಗ್ ಹೋಗೋ ಜಾಗ ತಾನೇ?

ನಾನು ಚಿತ್ರದುರ್ಗದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. ಲಾಲ್‌ಬಾಗ್ ತೋರಿಸೋಕೆ ಕರೆದುಕೊಂಡು ಹೋದಾಗ ನಮ್ಮ ಮಕ್ಕಳೂ ಇದನ್ನೇ ಕೇಳಿದ್ದರು. ನಾನು ಮರಕ್ಕೆ ಹಾಕಿದ್ದ ಹೆಸರಿನ ಬೋರ್ಡ್ ತೋರಿಸಿದೆ.

ಪಾರ್ಕಿನ ಗಿಡ ನೆರಳು ಕೊಟ್ಟರೆ ಸಾಕು. ಲಾಲ್‌ಬಾಗ್‌ನಂಥ ಸಸ್ಯೋದ್ಯಾನದ ಗಿಡಕ್ಕೆ ಜಾತಕ ಬೇಕು. ಬೀಜ ಎಲ್ಲಿಂದ ಬಂತು, ಯಾವಾಗ ನೆಟ್ಟರು, ಯಾವ ಜಾತಿ ಎಂದು ಬರೆದಿಡುತ್ತಾರೆ. ಎಲೆ, ಹೂವನ್ನು ಒಣಗಿಸಿ ಕಾಗದಕ್ಕೆ ಅಂಟಿಸಿಡುತ್ತಾರೆ. ನೂರು ವರ್ಷ ಬಿಟ್ಟು ಬಂದವರೂ ಅದನ್ನು ತಾಳೆ ನೋಡಬಹುದು. ಇಟಲಿಯ ಪಡುವಾದಲ್ಲಿ 1545ರಲ್ಲಿ ಶುರುವಾದ ತೋಟ ಇವತ್ತಿಗೂ ಅದೇ ಜಾಗದಲ್ಲಿದೆ. ಔಷಧಿ ಗಿಡಗಳನ್ನು ವಿದ್ಯಾರ್ಥಿಗಳು ಸರಿಯಾಗಿ ಗುರುತಿಸಲಿ ಅಂತಲೇ ಅದನ್ನು ಮಾಡಿದ್ದು.

ಹೊಸ ಬೆಳೆ ನಮ್ಮ ಮಣ್ಣಿಗೆ ಒಗ್ಗುತ್ತಾ ಅಂತ ಇಂಥ ತೋಟಗಳಲ್ಲೂ ನೋಡುತ್ತಿದ್ದರು. ಸೀಮೆ ಬದನೆಕಾಯಿಯ ತವರು ಮೆಕ್ಸಿಕೊ ಕಡೆ. ನಮ್ಮಲ್ಲಿ ಅದು ಹಬ್ಬಿದ್ದು ಲಾಲ್‌ಬಾಗ್‌ನಿಂದ. ತಮಿಳರು ಈಗಲೂ ಅದನ್ನು ಬೆಂಗಳೂರು ಬದನೆಕಾಯಿ ಅನ್ನುತ್ತಾರೆ! ಸಾಂಬಾರಿಗೆ ಹಾಕುವಾಗ ಇದೆಲ್ಲ ಯಾರಿಗೆ ನೆನಪಾಗುತ್ತೆ ಹೇಳಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ. ಹೊಂಗೆ ಮರದ ಬೋರ್ಡಿನಲ್ಲಿ 'ಪೊಂಗೇಮಿಯಾ ಪಿನ್ನಾಟ' ಅಂತಿತ್ತು. ಎಂಟನೇ ಕ್ಲಾಸಿನ ಹುಡುಗಿ ಎರಡು ಸಲ ಓದಿಕೊಂಡು, "ಸಾರ್, ಪೊಂಗೆ ಅಂದ್ರೆ ನಮ್ಮ ಹೊಂಗೆನೇ ಅಲ್ವಾ? ಪಾಲು ಹಾಲಾದ ಹಾಗೆ?" ಎಂದಳು. ಹಳೆಗನ್ನಡದ 'ಪ' ಆಮೇಲೆ 'ಹ' ಆಯಿತು ಅನ್ನುವ ಕನ್ನಡ ಮೇಷ್ಟ್ರ ಪಾಠ ಅಲ್ಲಿ ಉಪಯೋಗಕ್ಕೆ ಬಂದಿತ್ತು. ಅವಳು ಹೇಳಿದ್ದು ಸರಿ. ಮಲಯಾಳ, ತಮಿಳಿನ ಕಡೆಯ 'ಪೊಂಗಂ', 'ಪುಂಗಂ' ಎಂಬ ಹೆಸರನ್ನೇ ವಿಜ್ಞಾನಿಗಳು ತೆಗೆದುಕೊಂಡಿದ್ದಾರೆ. ಹೊಂಗೆ ಅದೇ ಬಳಗದ ಮಾತು. ಅವತ್ತಿನವರೆಗೆ ಅವಳಿಗೆ ಲ್ಯಾಟಿನ್ ಹೆಸರು ಅಂದರೆ ಪರೀಕ್ಷೆಗೆ ಉರು ಹೊಡೆಯುವ ಸಂಗತಿ.

ಹಳ್ಳಿ ಮಕ್ಕಳಿಗೆ ಗಿಡ ಗೊತ್ತಿಲ್ಲ ಅನ್ನುವುದು ಸುಳ್ಳು. ಆಡು ಕಾಯುವ ಮನೆಯ ಹುಡುಗರು ಕಮರ, ಬಂದರೆ, ಕಗ್ಗಲಿ ಎಂಬ ಗಿಡಮರಗಳನ್ನು ದೂರದಿಂದಲೇ ಗುರುತಿಸುತ್ತಾರೆ. ನನಗಿಂತ ಚೆನ್ನಾಗಿ! ಆದರೆ ಅದೂ ವಿಜ್ಞಾನ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಆ ಬೋರ್ಡ್ ಹೇಳಿತು.

ವಾಪಸ್ ಬಂದ ಮೇಲೆ ಶಾಲೆಯ ಮರಗಳಿಗೆ ಮಕ್ಕಳೇ ಬೋರ್ಡ್ ಬರೆದರು. ಊರಿನ ಹೆಸರು ಮೇಲೆ, ದೊಡ್ಡದಾಗಿ. ಶಾಸ್ತ್ರೀಯ ಹೆಸರು ಕೆಳಗೆ. ಮೊಳೆ ಹೊಡೆದಿಲ್ಲ, ದಾರ ಸಡಿಲವಾಗಿ ಕಟ್ಟಿದ್ದೇವೆ. ಹೊಂಗೆ ಯಾವ ದಿನ ಚಿಗುರಿತು, ಯಾವ ದಿನ ಮೊದಲ ಹೂ ಬಿಟ್ಟಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮಳೆ ಕಡಿಮೆಯಾದ ವರ್ಷ ಹೂವಿನ ದಿನ ಬದಲಾಗುತ್ತಾ ಅಂತ ನೋಡಬೇಕೆಂದು ಅವರೇ ಹೇಳಿದ್ದು. ಈಗ ಮೂರನೇ ವರ್ಷದ ಪುಟ ನಡೆಯುತ್ತಿದೆ.