"ಇಲ್ಲಿ ನನ್ನ ದಾರಿ ಯಾರ್ ಕಾಯ್ತಾರ್ರೀ?"

ಹುಬ್ಬಳ್ಳಿಯ ಒಂದು ಐಟಿಐಗೆ ವಾರಕ್ಕೊಮ್ಮೆ ಆಪ್ತಸಲಹೆಗೆ ಹೋಗುತ್ತೇನೆ. ಬರುವ ದೂರು ಹೆಚ್ಚುಕಮ್ಮಿ ಒಂದೇ: ಹುಡುಗನಿಗೆ ಶಿಸ್ತಿಲ್ಲ, ದಿನಾ ಲೇಟು. ಇವನದ್ದೂ ಅದೇ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಫಿಟ್ಟರ್ ಟ್ರೇಡ್, ಮೊದಲ ವರ್ಷ, ಅಣ್ಣಿಗೇರಿ ಕಡೆಯ ಹಳ್ಳಿ, ಅಪ್ಪ ಇಲ್ಲ. ಪ್ರಾರ್ಥನೆ ಮುಗಿದ ಮೇಲೆ ಬಂದವರು ಗೇಟಿನ ಹೊರಗೇ ನಿಲ್ಲಬೇಕು. ಹಾಗೆ ನಿಂತೂ ನಿಂತೂ ಹಾಜರಿ ಶೇ. 68ಕ್ಕೆ ಇಳಿದಿತ್ತು. ಪರೀಕ್ಷೆಗೆ ಕೂರಲು 80 ಬೇಕು.

ಮೊದಲೆರಡು ಸಲ ನಾನೂ ಉಪದೇಶವನ್ನೇ ಮಾಡಿದೆ, ಅಲಾರಂ ಇಟ್ಕೋ, ರಾತ್ರಿ ಮೊಬೈಲ್ ಬಿಡು ಅಂತ. ತಲೆಯಾಡಿಸಿ ಹೋದ. ಮೂರನೇ ಸಲ ಸುಮ್ನೆ ಕೇಳಿದೆ, "ಎಷ್ಟಕ್ಕ ಏಳ್ತೀಯೋ ತಮ್ಮಾ?"

"ನಾಲ್ಕೂವರಿಗ್ರಿ."

ನನಗೆ ನಾಚಿಕೆಯಾಯಿತು. ಮೂರು ಎಮ್ಮೆ ಹಿಂಡಿ, ಡೇರಿಗೆ ಹಾಲು ಹಾಕಿ ಬಸ್ಸಿಗೆ ಓಡುತ್ತಾನಂತೆ, ಡೇರಿ ಸಾಲು ಉದ್ದವಿದ್ದ ದಿನ ಬಸ್ಸೂ ಹೋಯಿತು, ಪ್ರಾರ್ಥನೆಯೂ ಹೋಯಿತು. "ಹಿಂಡೂದು ಒಂದ್ ದಿನಾನೂ ತಪ್ಪಿಸಿಲ್ರಿ ಮೇಡಮ್. ಎಮ್ಮಿ ದಾರಿ ಕಾಯ್ತಿರ್ತಾವ. ಇಲ್ಲಿ ನನ್ನ ದಾರಿ ಯಾರ್ ಕಾಯ್ತಾರ್ರೀ?" ಉಗುರಿನ ಸಂದಿಯಲ್ಲಿ ಕೂತ ಕಬ್ಬಿಣದ ಪುಡಿಯನ್ನು ಕೆದಕುತ್ತಾ ಹೇಳಿದ.

ಇವನಿಗೆ ಶಿಸ್ತು ಕಲಿಸಲು ನಾನು ಯಾರು? ಡೇರಿಯಲ್ಲಿ ಮೊದಲು ನಿಲ್ಲುವಂತೆ ಸ್ವಲ್ಪ ಬೇಗ ಹಿಂಡಲು ಆಗುತ್ತಾ ಅಂದೆ. "ಒಮ್ಮೆಲೇ ಬದಲಿಸಿದ್ರ ಹಾಲ ಬಿಡೂದಿಲ್ರಿ, ದಿನಾ ಐದೈದ್ ನಿಮಿಷ ಸರಸಬೇಕು" ಅಂದ. ನಾನು ಕೊಡಬೇಕಿದ್ದ ಸಲಹೆ ಅವನ ಬಾಯಲ್ಲೇ ಬಂತು.

ಇನ್ನರ್ಧ ಸಲಹೆ ಶಾಲೆಗೆ. ಬೆಳಿಗ್ಗೆ ಟೂಲ್ ರೂಮಿನಿಂದ ಅರ, ಗರಗಸ, ಸೂಕ್ಷ್ಮ ಅಳತೆಯ ವರ್ನಿಯರ್ ಎಣಿಸಿ ಕೊಡುವ ಕೆಲಸ ಇವನಿಗೆ ಕೊಡಿ, ಇವನು ಬರದಿದ್ದರೆ ಉಳಿದ 19 ಹುಡುಗರೂ ಕೈಕಟ್ಟಿ ಕೂರಲಿ ಅಂದೆ. "ಲೇಟಾಗಿ ಬರೋನಿಗೆ ಬಹುಮಾನಾನಾ ಮೇಡಮ್?" ಅಂದರು ಅವನ ಮೇಷ್ಟ್ರು. ಸಲಿಗೆ ಜಾಸ್ತಿ ಕೊಡುತ್ತೇನೆ ಅನ್ನೋದು ನನ್ನ ಮೇಲಿನ ಹಳೇ ಆರೋಪ. ಆದರೆ ವರ್ನಿಯರ್‌ನಲ್ಲಿ 0.02 ಮಿ.ಮೀ. ಓದಲು ಕಲಿಯಬೇಕಾದ ಹುಡುಗ ಗೇಟಿನಾಚೆ ನಿಂತು ಆಟೋ ಎಣಿಸಿದರೆ ಯಾವ ಶಿಸ್ತು ಬಂದಂಗಾಯ್ತು, ಹೇಳಿ? ಮನೆಗೆ ಹೋಗಿ ನೋಡಿ ಅನ್ನೋದಿಲ್ಲ, ಎಷ್ಟಕ್ಕೆ ಏಳ್ತಾನೆ ಅಂತಾದರೂ ಕೇಳಬಹುದಿತ್ತಲ್ವಾ. ನಾನೂ ಕೇಳಿರಲಿಲ್ಲ.

ಮೇಷ್ಟ್ರು ಒಂದು ತಿಂಗಳ ಮಟ್ಟಿಗೆ ಒಪ್ಪಿದರು. ಆ ತಿಂಗಳಲ್ಲಿ ಎರಡು ದಿನ ಲೇಟಾದ. ಎರಡೂ ಸಲ ಬಸ್ ಸ್ಟ್ಯಾಂಡಿನಿಂದಲೇ ಫೋನ್ ಮಾಡಿ, ಟೂಲ್ ರೂಮಿನ ಕೀಲಿ ಯಾರ ಹತ್ತಿರ ಇದೆ ಅಂತ ಹೇಳಿದ್ದನಂತೆ.