ಧರ್ಮಜಿಜ್ಞಾಸೆ: ಹಬ್ಬ ಯಾವ ದಿನ, ಉಪವಾಸ ಯಾವ ದಿನ?

ಹಬ್ಬ ಹಾಗೂ ವ್ರತಗಳ ದಿನನಿರ್ಣಯವನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: 2024ರ ದೀಪಾವಳಿಯಲ್ಲಿ ನಮ್ಮ ಮನೆಯ ಗೋಡೆ ಕ್ಯಾಲೆಂಡರು ಲಕ್ಷ್ಮೀಪೂಜೆಯನ್ನು ಅಕ್ಟೋಬರ್ 31ಕ್ಕೆ ತೋರಿಸಿದರೆ, ಪುರೋಹಿತರು ತಂದ ಪಂಚಾಂಗ ನವೆಂಬರ್ 1 ಎಂದಿತು. ಎರಡರಲ್ಲೊಂದು ತಪ್ಪಾಗಿರಲೇಬೇಕಲ್ಲವೆ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ತಪ್ಪಾಗಿರಲೇಬೇಕೆಂದಿಲ್ಲ. ಚಂದ್ರನು ಸೂರ್ಯನಿಂದ 12 ಡಿಗ್ರಿಯಷ್ಟು ಮುಂದೆ ಸರಿಯಲು ತೆಗೆದುಕೊಳ್ಳುವ ಕಾಲವೇ ಒಂದು ತಿಥಿ. ಚಂದ್ರನ ಕಕ್ಷೆ ದೀರ್ಘವೃತ್ತಾಕಾರದ್ದಾದ್ದರಿಂದ ಅವನ ಗತಿ ಭೂಮಿಗೆ ಹತ್ತಿರವಿದ್ದಾಗ ಹೆಚ್ಚುತ್ತದೆ, ದೂರವಿದ್ದಾಗ ತಗ್ಗುತ್ತದೆ. ಹೀಗಾಗಿ ತಿಥಿಯೊಂದು ಸುಮಾರು 20 ಗಂಟೆಗೇ ಮುಗಿಯಬಹುದು, ಇಲ್ಲವೆ 26 ಗಂಟೆಗೂ ಮೀರಿ ಉಳಿಯಬಹುದು. ಅದು ಬೆಳಗಿನಲ್ಲೇ ಆರಂಭವಾಗಬೇಕೆಂಬ ನಿಯಮವಿಲ್ಲ. ನಡುರಾತ್ರಿಗೂ ಆರಂಭವಾದೀತು, ಊಟದ ಹೊತ್ತಿಗೂ ಆರಂಭವಾದೀತು. ಸೂರ್ಯೋದಯದ ಸಮಯದಲ್ಲಿ ಯಾವ ತಿಥಿ ಇರುತ್ತದೆಯೋ ಅದರ ಹೆಸರನ್ನು ಇಡೀ ದಿನಕ್ಕೆ ಕೊಡುವುದು ವ್ಯವಹಾರದ ಅನುಕೂಲಕ್ಕಾಗಿ ಬಂದ ಪದ್ಧತಿ. ಕ್ಯಾಲೆಂಡರಿನ ಒಂದು ಚೌಕದಲ್ಲಿ ಒಂದೇ ತಿಥಿಯ ಹೆಸರು ಹಿಡಿಸುತ್ತದೆ. ತಕರಾರುಗಳಲ್ಲಿ ಅರ್ಧಕ್ಕರ್ಧ ಹುಟ್ಟುವುದು ಆ ಚೌಕದಿಂದಲೇ.

ಹಬ್ಬದ ನಿರ್ಣಯಕ್ಕೆ ಧರ್ಮಶಾಸ್ತ್ರ ಕೇಳುವ ಪ್ರಶ್ನೆ ಬೇರೆ. ಯಾವ ಕರ್ಮವನ್ನು ಯಾವ ಹೊತ್ತಿನಲ್ಲಿ ಮಾಡಬೇಕೋ ಆ ಹೊತ್ತಿನಲ್ಲಿ ತಿಥಿ ಇದೆಯೇ ಎಂದು ನೋಡಬೇಕು. ಇದಕ್ಕೆ ಕರ್ಮಕಾಲವ್ಯಾಪ್ತಿ ಎಂದು ಹೆಸರು. ರಾಮನವಮಿಗೂ ಗಣೇಶನ ಚೌತಿಗೂ ಮಧ್ಯಾಹ್ನಕಾಲ, ಅಂದರೆ ಹಗಲನ್ನು ಐದು ಭಾಗ ಮಾಡಿದಾಗ ಬರುವ ಮೂರನೆಯ ಭಾಗ, ಮುಖ್ಯ. ಶಿವರಾತ್ರಿಗೆ ನಡುರಾತ್ರಿಯ ನಿಶೀಥಕಾಲ, ಸಂಕಷ್ಟಿಗೆ ಚಂದ್ರೋದಯ, ಶ್ರಾದ್ಧಕ್ಕೆ ಹಗಲಿನ ನಾಲ್ಕನೆಯ ಭಾಗವಾದ ಅಪರಾಹ್ಣ. ಕ್ಯಾಲೆಂಡರಿನಲ್ಲಿ ತದಿಗೆ ಎಂದು ಬರೆದ ದಿನವೇ ಎಷ್ಟೋ ಸಲ ಸಂಕಷ್ಟಿ ಬರುವುದು ಇದೇ ಕಾರಣಕ್ಕೆ: ರಾತ್ರಿ ಚಂದ್ರ ಹುಟ್ಟುವ ವೇಳೆಗೆ ಚೌತಿ ಬಂದಿರುತ್ತದೆ.

ಈಗ ನಿಮ್ಮ ದೀಪಾವಳಿಗೆ ಬರೋಣ. ಲಕ್ಷ್ಮೀಪೂಜೆಗೆ ಬೇಕಾದದ್ದು ಸೂರ್ಯಾಸ್ತದ ನಂತರದ ಪ್ರದೋಷಕಾಲದಲ್ಲಿ ಅಮಾವಾಸ್ಯೆ. 2024ರಲ್ಲಿ ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ 3-52ಕ್ಕೆ ಆರಂಭವಾಗಿ ನವೆಂಬರ್ 1ರ ಸಂಜೆ 6-16ಕ್ಕೆ ಮುಗಿಯಿತು. ಮೊದಲ ದಿನದ ಪ್ರದೋಷವೆಲ್ಲ ಅಮಾವಾಸ್ಯೆಯದೇ. ಎರಡನೆಯ ದಿನವೂ ಸೂರ್ಯಾಸ್ತದ ನಂತರ ಸ್ವಲ್ಪ ಹೊತ್ತು ಅದು ಉಳಿದಿತ್ತು. ಎರಡೂ ದಿನ ವ್ಯಾಪ್ತಿ ಇದ್ದಾಗ ಎರಡನೆಯ ದಿನವನ್ನು ಹಿಡಿಯಬೇಕೆಂಬುದು ನಿಬಂಧಕಾರರ ಒಲವು, ಆದರೆ ಆ ಉಳಿಕೆ ಒಂದು ಘಳಿಗೆಗಿಂತ, ಎಂದರೆ 24 ನಿಮಿಷಕ್ಕಿಂತ, ಹೆಚ್ಚಿರಬೇಕು ಎಂಬ ಎಣಿಕೆಯೂ ಜೊತೆಗಿದೆ. ಕಾಶಿಯಲ್ಲಿ ಅಂದು ಸೂರ್ಯ ಮುಳುಗಿದ್ದು ಸುಮಾರು 5-17ಕ್ಕೆ. ಅಲ್ಲಿ ಹತ್ತಿರಹತ್ತಿರ ಒಂದು ಗಂಟೆ ಅಮಾವಾಸ್ಯೆ ಉಳಿದಿತ್ತು. ಬೆಂಗಳೂರಿನಲ್ಲಿ ಸೂರ್ಯಾಸ್ತ ಸುಮಾರು 5-53ಕ್ಕೆ. ಉಳಿದದ್ದು ಘಳಿಗೆಯ ಅಂಚಿನಲ್ಲಿ ನಿಲ್ಲುವಷ್ಟು. ಅಂಚಿನಲ್ಲಿ ನಿಂತ ತಿಥಿಯನ್ನು ಒಬ್ಬರು ಇತ್ತ ಎಳೆದುಕೊಂಡರೆ ಇನ್ನೊಬ್ಬರು ಅತ್ತ ಎಳೆದುಕೊಂಡರು. ಗಣಿತದಲ್ಲಿ ಇಬ್ಬರೂ ತಪ್ಪಿರಲಿಲ್ಲ.

ಪ್ರಶ್ನೆ: 2026ರ ಯುಗಾದಿಯ ಪಾಡ್ಯಕ್ಕೆ ಸೂರ್ಯೋದಯವೇ ಸಿಗಲಿಲ್ಲವೆಂದೂ, ಅದು ಅಶುಭವೆಂದೂ ಕೆಲವರು ಹೇಳುತ್ತಿದ್ದರು. ನಿಜವೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲ ಮಾತು ನಮ್ಮ ಊರುಗಳ ಮಟ್ಟಿಗೆ ನಿಜ. ಮಾರ್ಚ್ 19ರಂದು ಅಮಾವಾಸ್ಯೆ ಮುಗಿದು ಪಾಡ್ಯ ಆರಂಭವಾದದ್ದು ಬೆಳಿಗ್ಗೆ 6-52ರ ಹೊತ್ತಿಗೆ. ಬೆಂಗಳೂರಿನಲ್ಲಿ ಸೂರ್ಯ ಅಷ್ಟರಲ್ಲಾಗಲೇ, ಸುಮಾರು 6-25ಕ್ಕೆ, ಉದಯಿಸಿಯಾಗಿತ್ತು. ಮಾರನೆಯ ದಿನ ಬೆಳಗಿನ ಜಾವ 4-52ಕ್ಕೇ ಪಾಡ್ಯ ಮುಗಿದುಹೋಯಿತು. ಎರಡು ಸೂರ್ಯೋದಯಗಳ ನಡುವೆಯೇ ಹುಟ್ಟಿ ಮುಗಿಯುವ ಇಂಥ ತಿಥಿಯನ್ನು ಕ್ಷಯ ತಿಥಿ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ ಎರಡು ಸೂರ್ಯೋದಯಗಳನ್ನು ಮುಟ್ಟುವುದು ವೃದ್ಧಿ ತಿಥಿ. ಪಾಡ್ಯ ಕ್ಷಯವಾದ ವರ್ಷ ಅದು ಆರಂಭವಾಗುವ ದಿನವೇ ಯುಗಾದಿ. ಆದ್ದರಿಂದಲೇ ಪರಾಭವ ಸಂವತ್ಸರದ ಯುಗಾದಿ ಮಾರ್ಚ್ 19ಕ್ಕೆ ಬಂತು.

ಅಶುಭದ ಮಾತಿಗೆ ಒಂದು ಸಂಗತಿಯನ್ನು ಮುಂದಿಟ್ಟರೆ ಸಾಕು. ಪಶ್ಚಿಮದ ಅಂಚಿನಲ್ಲಿರುವ ದ್ವಾರಕೆಯಲ್ಲಿ ಅಂದು ಸೂರ್ಯೋದಯವಾದದ್ದು 7 ಗಂಟೆಗೆ ಒಂದೆರಡು ನಿಮಿಷ ಮೊದಲು, ಪಾಡ್ಯ ಆರಂಭವಾದ ಮೇಲೆ. ಅದೇ ಪಾಡ್ಯ ಅಲ್ಲಿ ಕ್ಷಯವಾಗಲೇ ಇಲ್ಲ. ರೇಖಾಂಶದ ಜೊತೆಗೆ ಬದಲಾಗುವ ಲೆಕ್ಕವೊಂದನ್ನು ಸಂವತ್ಸರಫಲಕ್ಕೆ ಗಂಟುಹಾಕುವುದರಲ್ಲಿ ಅರ್ಥವಿಲ್ಲ.

ಪ್ರಶ್ನೆ: ನನ್ನ ತವರು ಮಾಧ್ವರದು, ಅತ್ತೆಯ ಮನೆ ಸ್ಮಾರ್ತರದು. ಕೆಲವು ತಿಂಗಳು ತವರಿನವರ ಏಕಾದಶಿ ನಮಗಿಂತ ಒಂದು ದಿನ ತಡವಾಗಿ ಬರುತ್ತದೆ. ಯಾಕೆ? ಅತ್ತೆಯವರಿಗೆ 82 ವರ್ಷ, ಸಕ್ಕರೆ ಕಾಯಿಲೆಯಿದೆ. ಆದರೂ ನಿರಾಹಾರವಿರುತ್ತೇನೆಂದು ಹಟ ಹಿಡಿಯುತ್ತಾರೆ.
– ಗೃಹಿಣಿ, ದಾವಣಗೆರೆ

ಉತ್ತರ: ಏಕಾದಶಿಗೆ ದಶಮಿಯ ಸೋಂಕು, ಅಂದರೆ ವೇಧ, ಇರಬಾರದೆಂಬುದನ್ನು ಎರಡೂ ಸಂಪ್ರದಾಯಗಳು ಒಪ್ಪುತ್ತವೆ. ಆ ಸೋಂಕನ್ನು ಯಾವ ಗಳಿಗೆಯಲ್ಲಿ ನೋಡಬೇಕೆಂಬುದರಲ್ಲಿ ಮಾತ್ರ ಭೇದ. ಸ್ಮಾರ್ತರು ಸೂರ್ಯೋದಯದಲ್ಲಿ ನೋಡುತ್ತಾರೆ. ವೈಷ್ಣವರು ಅದಕ್ಕೂ ನಾಲ್ಕು ಘಳಿಗೆ, ಎಂದರೆ 96 ನಿಮಿಷ, ಮೊದಲಿನ ಅರುಣೋದಯದಲ್ಲಿ ನೋಡುತ್ತಾರೆ. ಒಂದು ದಿನ ಸೂರ್ಯೋದಯ 6-20ಕ್ಕೆ ಎಂದಿಟ್ಟುಕೊಳ್ಳಿ. ಅರುಣೋದಯ 4-44ಕ್ಕೆ ಬರುತ್ತದೆ. ದಶಮಿ 5-10ಕ್ಕೆ ಮುಗಿದರೆ ಸೂರ್ಯೋದಯದ ಹೊತ್ತಿಗೆ ಶುದ್ಧವಾಗಿ ಏಕಾದಶಿ ಇರುವುದರಿಂದ ನಿಮ್ಮ ಮನೆಯಲ್ಲಿ ಅಂದೇ ಉಪವಾಸ. ತವರಿನ ಲೆಕ್ಕದಲ್ಲಿ ಅರುಣೋದಯದಲ್ಲಿ ಇನ್ನೂ ದಶಮಿ ಇದ್ದುದರಿಂದ ಆ ದಿನ ವಿದ್ಧವಾಯಿತು. ಉಪವಾಸ ಮರುದಿನಕ್ಕೆ ಹೋಯಿತು. ದಶಮಿ 4-44ಕ್ಕೆ ಮೊದಲೇ ಮುಗಿದ ತಿಂಗಳುಗಳಲ್ಲಿ ಸಾಮಾನ್ಯವಾಗಿ ಎರಡೂ ಮನೆಗಳ ಏಕಾದಶಿ ಒಂದೇ ದಿನ ಬರುತ್ತದೆ, ನೀವೂ ಗಮನಿಸಿರುತ್ತೀರಿ.

ಉಪವಾಸದಷ್ಟೇ ಪಾರಣೆಗೂ, ಎಂದರೆ ಮರುದಿನ ಉಂಡು ಉಪವಾಸ ಮುಗಿಸುವುದಕ್ಕೂ, ಮಹತ್ತ್ವವಿದೆ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರವೆನಿಸುತ್ತದೆ, ಅದು ಕಳೆದ ಮೇಲೆ ಮತ್ತು ದ್ವಾದಶಿ ಮುಗಿಯುವುದರೊಳಗೆ ಊಟವಾಗಬೇಕು. ಸೂರ್ಯೋದಯವಾದ ಸ್ವಲ್ಪ ಹೊತ್ತಿಗೇ ದ್ವಾದಶಿ ಮುಗಿದುಹೋಗುವ ದಿನಗಳನ್ನು ಪಂಚಾಂಗಗಳು ಸಾಧನ ದ್ವಾದಶಿ ಎಂದು ಗುರುತಿಸುತ್ತವೆ. ನಿಮ್ಮ ತವರಿನಲ್ಲಿ ಅಂದು ಬೆಳಗಿನ ಜಾವಕ್ಕೇ ಎದ್ದು ಅಡುಗೆ, ಪೂಜೆ, ನೈವೇದ್ಯಗಳನ್ನು ಮುಗಿಸುತ್ತಿದ್ದುದು ನಿಮಗೆ ನೆನಪಿರಬಹುದು.

ಅತ್ತೆಯವರ ವಿಷಯದಲ್ಲಿ ಶಾಸ್ತ್ರ ಅವರ ಹಟದ ಪರವಾಗಿಲ್ಲ. ಏಕಾದಶಿಯ ಉಪವಾಸವನ್ನು ವಿಧಿಸುವ ವಚನವೇ ಎಂಟು ವರ್ಷ ದಾಟಿದ, ಎಂಬತ್ತು ತುಂಬದ ಮನುಷ್ಯನಿಗೆ ಎಂದು ಎಲ್ಲೆ ಹಾಕಿದೆ. ಆಗದವರಿಗೆ ಒಪ್ಪೊತ್ತಿನ ಊಟ, ರಾತ್ರಿ ಮಾತ್ರ ಉಣ್ಣುವ ನಕ್ತ, ಹಣ್ಣು ಹಾಲುಗಳ ಆಹಾರ ಎಂಬ ಅನುಕಲ್ಪಗಳನ್ನೂ, ಅಂದರೆ ಬದಲಿ ಕ್ರಮಗಳನ್ನೂ, ಹೇಳಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ನಿರಾಹಾರವಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ವೈದ್ಯರನ್ನು ಕೇಳದೆ ಉಪವಾಸಕ್ಕೆ ಬಿಡಬೇಡಿ. ವಚನದ ಮಾತನ್ನು ಅತ್ತೆಯವರಿಗೆ ನೀವು ಹೇಳುವುದಕ್ಕಿಂತ ಮನೆಯ ಪುರೋಹಿತರಿಂದ ಹೇಳಿಸುವುದು ಲೇಸು.

ಪ್ರಶ್ನೆ: ಉತ್ತರ ಭಾರತದವರು ಮಹಾಶಿವರಾತ್ರಿ ಫಾಲ್ಗುಣದಲ್ಲಿ ಎನ್ನುತ್ತಾರೆ, ನಾವು ಮಾಘ ಎನ್ನುತ್ತೇವೆ. ಆದರೂ ಆಚರಣೆ ಒಂದೇ ದಿನ ಹೇಗೆ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ನಮ್ಮ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ, ಅವರದು ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಹೆಸರು ಒಂದೇ, ಕೃಷ್ಣಪಕ್ಷದಲ್ಲಿ ಮಾತ್ರ ಅವರ ಹೆಸರು ಒಂದು ತಿಂಗಳು ಮುಂದಿರುತ್ತದೆ. ಪಕ್ಷವೂ ತಿಥಿಯೂ ಬದಲಾಗುವುದಿಲ್ಲ.

ಪ್ರಶ್ನೆ: 2025ರಲ್ಲಿ ಊರೆಲ್ಲ ಆಗಸ್ಟ್ ತಿಂಗಳಲ್ಲಿ ಕೃಷ್ಣಾಷ್ಟಮಿ ಆಚರಿಸಿದರೆ ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಆಚರಿಸಿದರು. ಇದು ಬರೀ ತಿಥಿಯ ವ್ಯತ್ಯಾಸವಂತೂ ಆಗಿರಲಾರದು.
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಊಹೆ ಸರಿ, ಇದು ತಿಂಗಳಿನ ವ್ಯತ್ಯಾಸ. ಉಡುಪಿಯಲ್ಲಿ ಸೌರಮಾನವನ್ನು ಅನುಸರಿಸಿ, ಸೂರ್ಯನು ಸಿಂಹರಾಶಿಯಲ್ಲಿರುವಾಗ ಬರುವ ಕೃಷ್ಣಪಕ್ಷದ ಅಷ್ಟಮಿಯನ್ನು ಜಯಂತಿಗೆ ಹಿಡಿಯುತ್ತಾರೆ. ರೋಹಿಣೀ ನಕ್ಷತ್ರಕ್ಕೂ ಅಲ್ಲಿ ಪ್ರಾಶಸ್ತ್ಯ. 2025ರಲ್ಲಿ ಚಾಂದ್ರಮಾನ ಶ್ರಾವಣದ ಅಷ್ಟಮಿ ಆಗಸ್ಟ್ 16ರ ರಾತ್ರಿ ಮುಗಿಯಿತು. ಸೂರ್ಯ ಸಿಂಹವನ್ನು ಹೊಕ್ಕದ್ದು 17ರಂದು. ಒಂದು ದಿನದೊಳಗಿನ ಅಂತರಕ್ಕೆ ಆ ಅಷ್ಟಮಿ ಕೈತಪ್ಪಿ, ಮುಂದಿನ ಕೃಷ್ಣಾಷ್ಟಮಿಯವರೆಗೆ ಕಾಯಬೇಕಾಯಿತು. ಸೆಪ್ಟೆಂಬರ್ 14ರ ರಾತ್ರಿ ಅಷ್ಟಮಿಯೂ ರೋಹಿಣಿಯೂ ಕೂಡಿಬಂದಿದ್ದವು, ಮರುದಿನ ಮೊಸರುಕುಡಿಕೆಯ ಉತ್ಸವವಾದ ವಿಟ್ಲಪಿಂಡಿ ನಡೆಯಿತು. ಸೂರ್ಯ ಸಿಂಹದಲ್ಲಿರುವಾಗಲೇ ಶ್ರಾವಣದ ಅಷ್ಟಮಿ ಬರುವ ವರ್ಷಗಳಲ್ಲಿ ಈ ಒಂದು ತಿಂಗಳ ಅಂತರ ಇರುವುದಿಲ್ಲ.

ಪ್ರಶ್ನೆ: 2026ರಲ್ಲಿ ಅಧಿಕ ಜ್ಯೇಷ್ಠ ಬರುತ್ತದೆಯಷ್ಟೆ. ಆ ತಿಂಗಳಲ್ಲಿ ಯಾವ ವ್ರತವನ್ನೂ ಮಾಡಬಾರದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ಸೌರವರ್ಷಕ್ಕೆ 365. ವರ್ಷಕ್ಕೆ 11 ದಿನದಂತೆ ಬೆಳೆಯುವ ಈ ಅಂತರವನ್ನು ತುಂಬಲು 32–33 ತಿಂಗಳಿಗೊಮ್ಮೆ, 19 ವರ್ಷದಲ್ಲಿ ಏಳು ಸಲ, ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಎರಡು ಅಮಾವಾಸ್ಯೆಗಳ ನಡುವೆ ಸೂರ್ಯಸಂಕ್ರಮಣವೇ, ಎಂದರೆ ಸೂರ್ಯ ಮುಂದಿನ ರಾಶಿಗೆ ಹೋಗುವುದೇ, ನಡೆಯದಿದ್ದರೆ ಆ ತಿಂಗಳು ಅಧಿಕ. ಈ ಸಲ ಅದು ಮೇ 17ರಿಂದ ಜೂನ್ 15ರವರೆಗೆ ಇರುತ್ತದೆ.

ಮದುವೆ, ಉಪನಯನ, ಗೃಹಪ್ರವೇಶಗಳನ್ನು ಈ ತಿಂಗಳಲ್ಲಿ ಮಾಡುವುದಿಲ್ಲ. ಹೊಸ ವ್ರತವನ್ನು ಹಿಡಿಯುವುದಿಲ್ಲ, ಹಳೆಯದರ ಉದ್ಯಾಪನೆಯನ್ನೂ ಮಾಡುವುದಿಲ್ಲ. ಕಾರಹುಣ್ಣಿಮೆಯಂತಹ ಹಬ್ಬ ನಿಜ ಜ್ಯೇಷ್ಠಕ್ಕೆ ಹೋಗುತ್ತದೆ. ಆದರೆ ನಿತ್ಯವೆನಿಸಿದ ಏಕಾದಶಿ, ಸಂಕಷ್ಟಿಗಳು ನಿಲ್ಲುವುದಿಲ್ಲ. ವರ್ಷಕ್ಕೆ 24 ಇರುವ ಏಕಾದಶಿಗಳು ಅಧಿಕಮಾಸ ಬಂದಾಗ 26 ಆಗುತ್ತವೆ. ದಾನಕ್ಕಂತೂ ಈ ತಿಂಗಳು ವಿಶೇಷ, 33 ಅಪೂಪಗಳ (ಸಿಹಿ ಕಜ್ಜಾಯಗಳ) ದಾನವನ್ನು ನಿಮ್ಮ ಕಡೆಯೂ ನೋಡಿರುತ್ತೀರಿ. ಮುಂದಿನ ಹಬ್ಬಗಳೆಲ್ಲ ಇಂಗ್ಲಿಷ್ ತಾರೀಖಿನ ಲೆಕ್ಕದಲ್ಲಿ ಮುಂದಕ್ಕೆ ಸರಿಯುತ್ತವೆ: 2025ರಲ್ಲಿ ಆಗಸ್ಟ್ 27ಕ್ಕೆ ಬಂದ ಗಣೇಶನ ಹಬ್ಬ 2026ರಲ್ಲಿ ಸೆಪ್ಟೆಂಬರ್ 14ಕ್ಕೆ ಬರುತ್ತದೆ.

ಪ್ರಶ್ನೆ: ದೃಗ್ಗಣಿತದ ಪಂಚಾಂಗ, ಸೂರ್ಯಸಿದ್ಧಾಂತದ ಪಂಚಾಂಗ – ಯಾವುದನ್ನು ಅನುಸರಿಸಬೇಕು? ಘಳಿಗೆಯ ಲೆಕ್ಕವನ್ನೂ ತಿಳಿಸಿ.
– ಕೃಷಿಕರು, ಶಿರಸಿ

ಉತ್ತರ: ಪ್ರಾಚೀನ ಜ್ಯೋತಿರ್ಗ್ರಂಥವಾದ ಸೂರ್ಯಸಿದ್ಧಾಂತದ ಚಂದ್ರಗಣಿತ ಹುಣ್ಣಿಮೆ, ಅಮಾವಾಸ್ಯೆಗಳ ಹತ್ತಿರ ಆಕಾಶಕ್ಕೆ ಚೆನ್ನಾಗಿ ಹೊಂದುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಮಾತ್ರ ಕೆಲವು ಗಂಟೆಗಳಷ್ಟು ವ್ಯತ್ಯಾಸ ಬರುವುದುಂಟು. ದೃಗ್ಗಣಿತ ಇಂದಿನ ಖಗೋಳವಿಜ್ಞಾನದ ಸ್ಥಾನಗಳನ್ನೇ ಬಳಸುತ್ತದೆ. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ರಚಿತವಾದ ಪಂಚಾಂಗ ಸುಧಾರಣಾ ಸಮಿತಿಯೂ ಇದನ್ನೇ ಶಿಫಾರಸು ಮಾಡಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆಕಾಶದಲ್ಲಿ ಕಾಣುವುದಕ್ಕೆ ಹೊಂದುವ ಲೆಕ್ಕವೇ ಮೇಲೆಂಬುದು ನನ್ನ ಅಭಿಪ್ರಾಯ. ಆದರೆ ಮಠದ ಅಥವಾ ಮನೆತನದ ಪಂಚಾಂಗವನ್ನು ಅನುಸರಿಸುವವರನ್ನು ನಾನು ಆಕ್ಷೇಪಿಸುವುದಿಲ್ಲ; ರಜೆಗೆ ಹೊಂದುವಂತೆ ಒಂದು ಹಬ್ಬಕ್ಕೊಂದು, ಇನ್ನೊಂದಕ್ಕೆ ಇನ್ನೊಂದು ಪಂಚಾಂಗ ತೆರೆಯುವವರನ್ನು ಆಕ್ಷೇಪಿಸುತ್ತೇನೆ.

ಘಳಿಗೆಯ ಲೆಕ್ಕ ಕಷ್ಟದ್ದಲ್ಲ. ಎಣಿಕೆ ಸೂರ್ಯೋದಯದಿಂದ ಆರಂಭ. ಒಂದು ಘಳಿಗೆಗೆ 24 ನಿಮಿಷ, ಒಂದು ವಿಘಳಿಗೆಗೆ 24 ಸೆಕೆಂಡು. ಸೂರ್ಯೋದಯ 6-12, ಚೌತಿ 21-35 ಎಂದು ಬರೆದಿದ್ದರೆ, 21 ಘಳಿಗೆಗೆ 8 ಗಂಟೆ 24 ನಿಮಿಷ, 35 ವಿಘಳಿಗೆಗೆ 14 ನಿಮಿಷ, ಒಟ್ಟು 8 ಗಂಟೆ 38 ನಿಮಿಷ. ಇದನ್ನು 6-12ಕ್ಕೆ ಕೂಡಿಸಿದರೆ ಚೌತಿ ಮಧ್ಯಾಹ್ನ 2-50ಕ್ಕೆ ಮುಗಿಯುತ್ತದೆಂದು ತಿಳಿಯುತ್ತದೆ.

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಇಲ್ಲಿನ ಪಂಚಾಂಗವನ್ನೇ ನೋಡಿ ಹಬ್ಬ ಮಾಡಬಹುದೆ?
– ತಾಯಿ, ಬೆಂಗಳೂರು

ಉತ್ತರ: ಮಾಡಬಾರದು, ಅಲ್ಲಿನ ಊರಿಗೆ ಗಣಿಸಿದ ಪಂಚಾಂಗ ಬೇಕು. ತಿಥಿ ಮುಗಿಯುವ ಕ್ಷಣ ಭೂಮಿಗೆಲ್ಲ ಒಂದೇ, ಸೂರ್ಯೋದಯ ಮಾತ್ರ ಊರೂರಿಗೆ ಬೇರೆ. ಬೇಸಿಗೆಯಲ್ಲಿ ಅಲ್ಲಿನ ಗಡಿಯಾರ ನಮಗಿಂತ 12 ಗಂಟೆ 30 ನಿಮಿಷ ಹಿಂದಿರುತ್ತದೆ. ಇಲ್ಲಿ ಬೆಳಿಗ್ಗೆ 10ಕ್ಕೆ ಮುಗಿಯುವ ತಿಥಿ ಅಲ್ಲಿ ಹಿಂದಿನ ರಾತ್ರಿ 9-30ಕ್ಕೇ ಮುಗಿದಿರುತ್ತದೆ, ಆದ್ದರಿಂದ ಅವರ ಹಬ್ಬ ನಮಗಿಂತ ಒಂದು ತಾರೀಖು ಮೊದಲೇ ಬರುವುದು ಸಾಮಾನ್ಯ. ಇನ್ನು ಮಗನ ಏಕಾದಶಿಯ ಪಾರಣೆಗೆ ಇಲ್ಲಿನ ಸಮಯವನ್ನು ದೂರವಾಣಿಯಲ್ಲಿ ತಿಳಿಸುವ ಅಗತ್ಯವಿಲ್ಲ. ಅಲ್ಲಿನ ಸೂರ್ಯೋದಯದಿಂದ ಎಣಿಸಿದ ದ್ವಾದಶಿಯ ಸಮಯವನ್ನೇ ಅವನು ಹಿಡಿಯಬೇಕು.