ಟೋನಿ ಹಾಕ್ ಬಿಟ್ಟರೆ ಯಾರು? ನನ್ನ ಉತ್ತರ ಡೇವಾನ್ ಸಾಂಗ್

ನಿಮ್ಮ ಪ್ರಶ್ನೆ ಇದು: "ಸ್ಕೇಟ್‌ಬೋರ್ಡಿಂಗ್ ಅಂದರೆ ಎಲ್ಲರೂ ಟೋನಿ ಹಾಕ್ ಹೆಸರು ಹೇಳುತ್ತಾರೆ. ಅವರನ್ನು ಬಿಟ್ಟು ನಿಮಗೆ ತುಂಬಾ ಇಷ್ಟವಾದ ಸ್ಕೇಟರ್ ಯಾರು, ಯಾಕೆ? ನನ್ನ ತಮ್ಮ ಬೆಂಗಳೂರಿನಲ್ಲಿ ಈಗಷ್ಟೇ ಬೋರ್ಡ್ ತಗೊಂಡಿದ್ದಾನೆ. ಅವನಿಗೆ ಯಾರ ವಿಡಿಯೊ ತೋರಿಸಲಿ?"

ಎರಡಕ್ಕೂ ಒಂದೇ ಉತ್ತರ. ಡೇವಾನ್ ಸಾಂಗ್.

ಹಾಕ್ ಬಗ್ಗೆ ನನಗೇನೂ ತಕರಾರಿಲ್ಲ. 1999ರ ಎಕ್ಸ್ ಗೇಮ್ಸ್‌ನಲ್ಲಿ ಗಾಳಿಯಲ್ಲಿ ಎರಡೂವರೆ ಸುತ್ತು ತಿರುಗಿ '900' ಎಂಬ ಟ್ರಿಕ್ ಇಳಿಸಿದ ಮನುಷ್ಯ ಅವನು. ಆದರೆ ಅದಕ್ಕೆ ಮನೆಯಷ್ಟು ಎತ್ತರದ ರ್‍ಯಾಂಪ್ ಬೇಕು. ನೋಡಿ ಚಪ್ಪಾಳೆ ತಟ್ಟಬಹುದು, ಅಷ್ಟೇ. ಡೇವಾನ್‌ನ ವಿಡಿಯೊ ನೋಡಿದ ಮೇಲೆ ಮಾತ್ರ ನನಗೆ ಸುಮ್ನೆ ಕೂರುವುದಕ್ಕೆ ಆಗುವುದಿಲ್ಲ.

ಅವನು ಹುಟ್ಟಿದ್ದು 1975ರಲ್ಲಿ, ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ. ಬೆಳೆದದ್ದು ಅಮೆರಿಕದಲ್ಲಿ, ಕ್ಯಾಲಿಫೋರ್ನಿಯಾದ ಗಾರ್ಡೀನಾ ಎಂಬ ಊರಿನಲ್ಲಿ. ಹದಿಹರೆಯದಲ್ಲೇ ವರ್ಲ್ಡ್ ಇಂಡಸ್ಟ್ರೀಸ್ ಎಂಬ ಬೋರ್ಡ್ ಕಂಪನಿಯ ತಂಡ ಸೇರಿದ. ಹೆಸರು ಬಂದಿದ್ದು ಸ್ಪರ್ಧೆ ಗೆದ್ದು ಅಲ್ಲ, ವಿಡಿಯೊಗಳಿಂದ. ಜೀವನಚರಿತ್ರೆ ಇಷ್ಟು ಸಾಕು. ನಾನು ಹೇಳಬೇಕಾಗಿರುವುದು ಅವನ ಮ್ಯಾನ್ಯುವಲ್ ಬಗ್ಗೆ.

ಮ್ಯಾನ್ಯುವಲ್ ಅಂದರೆ ಮುಂದಿನ ಎರಡು ಚಕ್ರ ಎತ್ತಿ, ಹಿಂದಿನ ಎರಡರ ಮೇಲೆ ಮಾತ್ರ ಸಾಗುವುದು. ಮುಂದಿನ ಎರಡರ ಮೇಲೆ ಸಾಗಿದರೆ ನೋಸ್ ಮ್ಯಾನ್ಯುವಲ್. ಬೋರ್ಡಿನ ತುದಿ ನೆಲಕ್ಕೆ ತಾಗಿತೋ, ಲೆಕ್ಕಕ್ಕಿಲ್ಲ. ಗೊತ್ತಿಲ್ಲದವರಿಗೆ ಇದು ಸೈಕಲ್ ವೀಲಿಯ ಚಿಕ್ಕ ತಮ್ಮನ ಹಾಗೆ ಕಾಣಬಹುದು. ಆದರೆ ಇದನ್ನು ಒಂದು ಕಟ್ಟೆಯ ಮೇಲೆ ಮಾಡಬೇಕು ಅಂದುಕೊಳ್ಳಿ. ಮೊದಲು ಆಲಿ ಹೊಡೆಯಬೇಕು, ಅಂದರೆ ಕೈ ಹಚ್ಚದೆ ಬೋರ್ಡಿನ ಸಮೇತ ಹಾರಬೇಕು. ಹಾರುವಾಗಲೇ ಬೋರ್ಡನ್ನು ಕಾಲಡಿಯಲ್ಲಿ ಒಂದು ಸುತ್ತು ತಿರುಗಿಸಬೇಕು, ಅದು ಕಿಕ್‌ಫ್ಲಿಪ್. ತಿರುಗಿದ ಬೋರ್ಡನ್ನು ಹಿಡಿದು ನಾಲ್ಕು ಚಕ್ರದ ಮೇಲಲ್ಲ, ಎರಡರ ಮೇಲೆ ಮಾತ್ರ ಇಳಿಯಬೇಕು. ಹಾಗೇ ಕಟ್ಟೆಯ ಕೊನೆವರೆಗೆ ಸಾಗಬೇಕು. ಕೊನೆಯಲ್ಲಿ ಮತ್ತೆ ತಿರುಗಿಸಿ ಕೆಳಗೆ ಇಳಿಯಬೇಕು.

ಈ ಕೊನೆಯ ಭಾಗವನ್ನು ಜನ ಗಮನಿಸುವುದೇ ಇಲ್ಲ. ಎಲ್ಲರ ಕಣ್ಣೂ ಹತ್ತುವುದರ ಮೇಲೆ. ನನ್ನ ಪ್ರಕಾರ ಡೇವಾನ್‌ನ ಕಲೆ ಇರುವುದು ಇಳಿಯುವುದರಲ್ಲಿ. ಯಾಕೆ ಅಂತ ಹೇಳುತ್ತೇನೆ. ಮಾಮೂಲಿ ಆಲಿಯಲ್ಲಿ ನಾಲ್ಕು ಚಕ್ರವೂ ನೆಲದ ಮೇಲಿರುತ್ತವೆ, ಹಿಂದಿನ ತುದಿ ನೆಲದಿಂದ ಮೇಲಿರುತ್ತದೆ. ಅದನ್ನು ಕಾಲಿನಿಂದ ನೆಲಕ್ಕೆ ಬಡಿದಾಗ ಬೋರ್ಡು ಚಿಮ್ಮುತ್ತದೆ. ಮ್ಯಾನ್ಯುವಲ್‌ನಲ್ಲಿ ಆ ತುದಿ ಆಗಲೇ ನೆಲದ ಹತ್ತಿರ ಬಂದುಬಿಟ್ಟಿರುತ್ತದೆ. ಬಡಿಯುವುದಕ್ಕೆ ಜಾಗವೇ ಇಲ್ಲ. ಭಾರ ಪೂರ್ತಿ ಹಿಂದಿನ ಕಾಲಿನ ಮೇಲೆ, ಸ್ವಲ್ಪ ಜಾಸ್ತಿ ವಾಲಿದರೂ ಬೆನ್ನು ನೆಲಕ್ಕೆ. ಆ ಇಕ್ಕಟ್ಟಿನಲ್ಲಿ ಪಾದದ ಒಂದು ಸಣ್ಣ ಒದೆತದಿಂದ ಬೋರ್ಡನ್ನು ತಿರುಗಿಸಬೇಕು. ಒಳ್ಳೊಳ್ಳೆ ಪ್ರೊಗಳೂ ಇಲ್ಲಿ ಕೈ ಬೀಸುತ್ತಾರೆ, ಬಗ್ಗುತ್ತಾರೆ, ಇಳಿದ ಮೇಲೆ ಎರಡು ಸಲ ತೂಗಾಡುತ್ತಾರೆ. ಡೇವಾನ್‌ನ ಕೈ ಸೊಂಟದ ಹತ್ತಿರವೇ ಇರುತ್ತದೆ. ಬೋರ್ಡು ತಿರುಗಿ, ಕಾಲಿಗೆ ಸಿಕ್ಕಿ, ಉರುಳಿಕೊಂಡು ಹೋಗುತ್ತದೆ. ಅವನ ಮುಖ ಆಗಲೇ ಮುಂದಿನ ಕಟ್ಟೆಯ ಕಡೆ ತಿರುಗಿರುತ್ತದೆ.

ನಮ್ಮಪ್ಪನಿಗೆ ಒಂದು ಸಲ ಇದನ್ನು ತೋರಿಸಿದೆ. ಅವರು ಹಳೆಯ ಕ್ರಿಕೆಟ್ ಹುಚ್ಚಿನವರು. ಗವಾಸ್ಕರ್‌ನ ಶತಕಗಳ ಲೆಕ್ಕ ಅವರಿಗೆ ಬೇಡ. 1975ರ ಜನವರಿಯಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಎದುರು ನಮ್ಮ ವಿಶಿ, ಅಂದರೆ ಜಿ.ಆರ್. ವಿಶ್ವನಾಥ್, ಹೊಡೆದ ಔಟಾಗದ 97 ಮಾತ್ರ ಬೇಕು, ಅದರಲ್ಲೂ ಸ್ಕ್ವೇರ್ ಕಟ್. ನಾನು ಏನೂ ವಿವರಿಸಲಿಲ್ಲ. "ಇವನೂ ಮಣಿಕಟ್ಟಿನ ಆಟಗಾರನೇ ಬಿಡಪ್ಪ, ಕಾಲಲ್ಲಿ ಮಾಡ್ತಾನೆ ಅಷ್ಟೆ" ಅಂದರು. ಇಷ್ಟು ವರ್ಷ ಸ್ಕೇಟಿಂಗ್ ಬಗ್ಗೆ ಓದಿದ್ದರಲ್ಲಿ ಇದಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ.

ಶೈಲಿಯ ಮಾತು ಬಂದಾಗ ಡೇವಾನ್ ಜೊತೆ ರಾಡ್ನಿ ಮುಲ್ಲೆನ್‌ನನ್ನೂ ನೋಡಬೇಕು. ಆಲಿ ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ, ಈಜುಕೊಳದಂಥ ಬೌಲ್‌ಗಳ ಇಳಿಜಾರು ಗೋಡೆಯ ಮೇಲೆ. ಅಲನ್ ಗೆಲ್ಫಾಂಡ್ ಅದನ್ನು ಮಾಡಿದವನು. 1980ರ ದಶಕದ ಆರಂಭದಲ್ಲಿ ಅದನ್ನು ಸಪಾಟು ನೆಲಕ್ಕೆ ತಂದದ್ದು ಮುಲ್ಲೆನ್. ಕಿಕ್‌ಫ್ಲಿಪ್ ಕೂಡ ಅವನದೇ. ನಿಮ್ಮ ತಮ್ಮ ಈ ತಿಂಗಳು ಕಲಿಯಲು ಒದ್ದಾಡುವುದರಲ್ಲಿ ಮುಕ್ಕಾಲು ಪಾಲು ಅವನು ಹುಟ್ಟುಹಾಕಿದ್ದು. ಇವರಿಬ್ಬರನ್ನೂ ಎದುರುಬದುರು ನಿಲ್ಲಿಸಿ 1997ರಲ್ಲಿ 'ರಾಡ್ನಿ ವರ್ಸಸ್ ಡೇವಾನ್' ಅಂತ ಒಂದು ವಿಡಿಯೊ ಮಾಡಿದರು. 1999ರಲ್ಲಿ ಎರಡನೇ ಸುತ್ತೂ ಬಂತು. ಮುಲ್ಲೆನ್ ಸ್ಕೇಟ್ ಮಾಡುವಾಗ 'ಇದು ಮನುಷ್ಯರು ಮಾಡುವ ಕೆಲಸವೇ ಅಲ್ಲ' ಅನಿಸುತ್ತದೆ. ಡೇವಾನ್‌ನನ್ನು ನೋಡುವಾಗ 'ಅಯ್ಯೋ, ಇದು ನನಗೂ ಆಗಬಹುದಲ್ವಾ' ಅನಿಸುತ್ತದೆ. ಬೋರ್ಡ್ ಹತ್ತಿದ ಮೇಲೆ ಗೊತ್ತಾಗುತ್ತದೆ ಆಗುತ್ತೋ ಇಲ್ಲವೋ ಅಂತ. ಆದರೆ ಹತ್ತಿಸುವುದಂತೂ ಡೇವಾನೇ.

ಅವನ ಇನ್ನೊಂದು ಗುಣ, ಸಿಕ್ಕಿದ್ದರ ಮೇಲೆಲ್ಲ ಸ್ಕೇಟ್ ಮಾಡುವುದು. ಪಾರ್ಕಿನಲ್ಲಿ ಕೂತು ಊಟ ಮಾಡುವ ಮರದ ಮೇಜು ಅವನ ಅಚ್ಚುಮೆಚ್ಚು. ಒಂದು ಮೇಜಿನ ಮೇಲೆ ಮ್ಯಾನ್ಯುವಲ್, ಅಲ್ಲಿಂದ ಹಾರಿ ಪಕ್ಕದ ಮೇಜು, ಅಲ್ಲಿ ಮತ್ತೆ ಮ್ಯಾನ್ಯುವಲ್. ಥ್ರ್ಯಾಶರ್ ಎಂಬ ಸ್ಕೇಟಿಂಗ್ ಪತ್ರಿಕೆ 1990ರಿಂದ 'ವರ್ಷದ ಸ್ಕೇಟರ್' ಪ್ರಶಸ್ತಿ ಕೊಡುತ್ತಿದೆ. ಸ್ಕೇಟರ್‌ಗಳು ಒಲಿಂಪಿಕ್ಸ್ ಪದಕಕ್ಕಿಂತ ಇದಕ್ಕೇ ಜಾಸ್ತಿ ಬೆಲೆ ಕೊಡುತ್ತಾರೆ ಅಂದರೂ ತಪ್ಪಿಲ್ಲ. 2004ರಲ್ಲಿ ಅದು ಸಿಕ್ಕಿದ್ದು ಡ್ಯಾನಿ ವೇಗೆ, ಮರುವರ್ಷ ದೈತ್ಯ ರ್‍ಯಾಂಪ್ ಕಟ್ಟಿಸಿ ಚೀನಾದ ಮಹಾಗೋಡೆಯನ್ನೇ ಹಾರಿ ದಾಟಿದವನು. 2006ರಲ್ಲಿ ಅದೇ ಪ್ರಶಸ್ತಿ ಡೇವಾನ್‌ಗೆ ಬಂತು. ಆ ವರ್ಷ ಅವನೂ ಕ್ರಿಸ್ ಹ್ಯಾಸ್ಲಮ್ ಎಂಬ ಗೆಳೆಯನೂ ಸೇರಿ ಮಾಡಿದ 'ಚೀಸ್ ಅಂಡ್ ಕ್ರ್ಯಾಕರ್ಸ್' ವಿಡಿಯೊ ನಡೆಯುವುದು ಒಂದು ಮಿನಿ ರ್‍ಯಾಂಪ್ ಮೇಲೆ. ಮಹಾಗೋಡೆ ಹಾರಿದವನಿಗೆ ಕೊಟ್ಟ ಪ್ರಶಸ್ತಿಯನ್ನು ಮೇಜು, ಬೆಂಚು, ಗಿಡ್ಡ ರ್‍ಯಾಂಪ್‌ಗಳ ಮೇಲೆ ಆಡುವವನಿಗೂ ಕೊಟ್ಟರಲ್ಲ, ಆ ಸಂಪಾದಕರ ಮೇಲೆ ನನಗೆ ಗೌರವ.

ಮೆಚ್ಚದಿರುವುದೂ ಇದೆ. 1992ರ 'ಲವ್ ಚೈಲ್ಡ್' ವಿಡಿಯೊದ ಕಾಲದ ಸ್ಕೇಟಿಂಗ್ ನನಗೆ ಅಷ್ಟಕ್ಕಷ್ಟೇ. ಆಗಿನ ಫ್ಯಾಷನ್ನೇ ಹಾಗಿತ್ತು. ಇಬ್ಬರು ತೂರಬಹುದಾದ ಪ್ಯಾಂಟು, 40 ಮಿಲಿಮೀಟರ್‌ಗೆ ಇಳಿದ ಚಕ್ರ, ವೇಗವೇ ಇಲ್ಲ. ಡೇವಾನ್‌ನ ಕಾಲು ಆಗಲೂ ಚುರುಕೇ, ಆದರೆ ನಡುವೆ ಹರಿವು ಬಂದಿದ್ದು ಆಮೇಲೆ. ಇತ್ತೀಚಿನ ತುಣುಕುಗಳಲ್ಲಿ ಕೆಲವೊಮ್ಮೆ ಸಾಮಾನು ಜೋಡಿಸಿದ್ದೇ ಜಾಸ್ತಿ ಆಯಿತೇನೋ ಅನಿಸುತ್ತದೆ. ಹಲಗೆ ಮೇಲೆ ಹಲಗೆ, ಅದರ ಮೇಲೆ ಇನ್ನೇನೋ. ನನಗೆ ಒಂದು ಸಾದಾ ಕಟ್ಟೆ ಮೇಲಿನ ಡೇವಾನೇ ಸಾಕು.

ಇನ್ನು ಬೆಂಗಳೂರಿನ ಹುಡುಗನಿಗೆ ಇವನೇ ಯಾಕೆ? ನಮ್ಮ ರಸ್ತೆ ನಿಮಗೆ ಗೊತ್ತೇ ಇದೆ. ಫುಟ್‌ಪಾತ್ ಅಂದರೆ ಚರಂಡಿ ಮೇಲೆ ಹಾಸಿದ ಚಪ್ಪಡಿ, ಎರಡರ ನಡುವೆ ಬೆರಳು ತೂರುವಷ್ಟು ಸಂದು. ಪ್ರತಿ ಬೀದಿಯಲ್ಲೂ ಯಾರೋ ಮನೆ ಕಟ್ಟಿಸುತ್ತಿರುತ್ತಾರೆ, ಎದುರಿಗೆ ಜಲ್ಲಿ, ಎಂ ಸ್ಯಾಂಡ್ ರಾಶಿ. ಸ್ಟ್ರೀಟ್ ಬೋರ್ಡಿನ 52 ಮಿಲಿಮೀಟರ್ ಚಕ್ರಕ್ಕೆ ಒಂದು ಜಲ್ಲಿ ಕಲ್ಲು ಸಿಕ್ಕರೆ ಬೋರ್ಡು ಅಲ್ಲೇ ನಿಲ್ಲುತ್ತದೆ, ನೀವು ಮಾತ್ರ ಮುಂದೆ ಹೋಗುತ್ತೀರಿ. ಚರ್ಚ್ ಸ್ಟ್ರೀಟ್‌ನ ಕಲ್ಲುಹಾಸು ನಡೆಯಲು ಚೆಂದ, ಚಕ್ರಕ್ಕೆ ಶತ್ರು. ಪಾರ್ಕುಗಳು ಇಲ್ಲ ಅಂತಲ್ಲ. ಹೋಲಿಸ್ಟೋಕ್ಡ್ ಬಳಗದವರು 2013ರಲ್ಲಿ ಲೀವೈಸ್ ನೆರವಿನಿಂದ ಇದೇ ಊರಿನಲ್ಲಿ ಸ್ಕೇಟ್‌ಪಾರ್ಕ್ ಕಟ್ಟಿದರು. ಆದರೆ ಊರಿನ ಆ ತುದಿಯಿಂದ ಈ ತುದಿಗೆ ಸಂಜೆ ಟ್ರಾಫಿಕ್‌ನಲ್ಲಿ ಬೋರ್ಡ್ ಹಿಡಿದು ಹೋಗುವ ಹೊತ್ತಿಗೆ ಕತ್ತಲಾಗಿರುತ್ತದೆ.

ಹಾಗಾಗಿ ಉಳಿಯುವುದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟು. ನುಣುಪಾದ ನೆಲ, ಮಳೆ ಬಂದರೂ ಚಿಂತೆಯಿಲ್ಲ. "ಏನ್ ಸಾರ್, ಅಸೋಸಿಯೇಷನ್‌ನವರು ನೋಡಿದ್ರೆ ನನ್ನನ್ನ ಬೈತಾರೆ" ಅಂತ ನಮ್ಮ ವಾಚ್‌ಮನ್ ಅಣ್ಣ ಪ್ರತಿ ಸಲ ಹೇಳುತ್ತಾರೆ, ಹೇಳಿ ಅಲ್ಲೇ ನಿಂತು ನೋಡುತ್ತಾರೆ. ಇಂಥ ಕಡೆ ಹತ್ತು ಮೆಟ್ಟಿಲು ಹಾರುವವರ ವಿಡಿಯೊ ನೋಡಿ ಏನು ಪ್ರಯೋಜನ? ಅರ್ಧ ಅಡಿ ಎತ್ತರದ ಸಿಮೆಂಟ್ ಕಟ್ಟೆ ಒಂದಿದ್ದರೆ ಡೇವಾನ್ ಮಾಡುವುದರ ಮೊದಲ ಪಾಠ ಶುರು ಮಾಡಬಹುದು. ಇಡೀ ವಾರಾಂತ್ಯ ಅದೇ ಕಟ್ಟೆಯ ಮೇಲೆ ಕಳೆದರೂ ಬೇಜಾರಾಗುವುದಿಲ್ಲ, ಯಾಕೆಂದರೆ ಪ್ರತಿ ಸಲ ಬೀಳುವ ರೀತಿಯೇ ಬೇರೆ. ಹೆಲ್ಮೆಟ್ ಮಾತ್ರ ಹಾಕಿಸಿ. ಮ್ಯಾನ್ಯುವಲ್‌ನಲ್ಲಿ ಬೀಳುವುದು ಹಿಂದಕ್ಕೆ, ತಲೆಯೇ ನೆಲಕ್ಕೆ ಬಡಿಯಬಹುದು.

ತಮ್ಮನಿಗೆ ತೋರಿಸುವ ಕ್ರಮ: ಮೊದಲು 'ರಾಡ್ನಿ ವರ್ಸಸ್ ಡೇವಾನ್' ಎರಡನೇ ಸುತ್ತಿನ ಡೇವಾನ್ ಭಾಗ. ಅದಾದ ಮೇಲೆ ಮೊದಲನೆಯದು, ಮುಲ್ಲೆನ್ ಭಾಗವನ್ನೂ ಸೇರಿಸಿ. 'ಚೀಸ್ ಅಂಡ್ ಕ್ರ್ಯಾಕರ್ಸ್' ಮನೆಯವರೆಲ್ಲ ಕೂತು ನೋಡಬಹುದು, ಅಷ್ಟು ತಮಾಷೆ. ಡೇವಾನ್ 2018ರಲ್ಲಿ ಟೋರಿ ಪಡ್ವಿಲ್ ಎಂಬ ಇನ್ನೊಬ್ಬ ಸ್ಕೇಟರ್ ಜೊತೆ 'ಥ್ಯಾಂಕ್ ಯೂ' ಅಂತ ಸ್ವಂತ ಬೋರ್ಡ್ ಕಂಪನಿ ಶುರು ಮಾಡಿದ, ಆಮೇಲಿನ ತುಣುಕುಗಳೂ ಹುಡುಕಿದರೆ ಸಿಗುತ್ತವೆ. 'ಲವ್ ಚೈಲ್ಡ್' ಯಾವಾಗಲಾದರೂ ನೋಡಲಿ, ಅವಸರವಿಲ್ಲ.